ಮಹಡಿ ಮೇಲಿನ ಡಾಕ್ಟ್ರ ಸಂಸಾರ

ಎಪ್ಪತ್ತು, ಎಂಬತ್ತರ ದಶಕದಲ್ಲಿ ಬನಶಂಕರಿ 2ನೇ ಹಂತದಲ್ಲಿ ಮನೆ ಕಟ್ಟಿಸಿದ ಸರ್ಕಾರಿ ನೌಕರರೆಲ್ಲ ಒಬ್ಬನೇ ಮೇಸ್ತ್ರಿಯನ್ನು ಹಿಡಿದಿದ್ದರೇನೋ ಅನ್ನಿಸುತ್ತದೆ. ಕೆಳಗೆ ತಾವಿರುವ ಮನೆ. ಮುಂದುಗಡೆ ಒಂದು ತೆಂಗು, ಒಂದು ಕರಿಬೇವು, ತುಳಸಿಕಟ್ಟೆ. ಪಕ್ಕದಲ್ಲಿ ಹೊರಗಿನಿಂದಲೇ ಹತ್ತಿಹೋಗುವ ಮೆಟ್ಟಿಲು. ಹತ್ತಿದರೆ ಒಂದು ಹಾಲು, ಒಂದು ರೂಮು, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಡುಗೆಮನೆ, ಮಿಕ್ಕಿದ್ದೆಲ್ಲ ಬಯಲು ತಾರಸಿ. ಇದಕ್ಕೆ ‘ಮೇಲಿನ ಪೋರ್ಷನ್’ ಎನ್ನುತ್ತಿದ್ದರು. ಮನೆ ಕಟ್ಟಲು ಆಫೀಸಿನಿಂದ ತೆಗೆದ ಸಾಲದ ಕಂತಿಗೆ ಆ ಪೋರ್ಷನ್ನಿನ ಬಾಡಿಗೆಯೇ ಆಧಾರ. ನಮ್ಮಪ್ಪ ಎಜೀಸ್ ಆಫೀಸಿನಲ್ಲಿ, ಅಂದರೆ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಇದ್ದರು. ಬಾಡಿಗೆ ಬಂದ ದಿನವೇ ಕಂತಿನ ಲೆಕ್ಕ ಡೈರಿಯಲ್ಲಿ ಬರೆದು, ಆಮೇಲೆ ಕಾಫಿ ಕುಡಿಯುತ್ತಿದ್ದರು.

ನಮ್ಮ ಮೇಲಿನ ಪೋರ್ಷನ್ನಿಗೆ ಬ್ಯಾಂಕಿನವರು ಬಂದರು, ಎಲ್‌ಐಸಿಯವರು ಬಂದರು, ವರ್ಗವಾಗಿ ಹೋದರು. ನೆನಪಿನಲ್ಲಿ ಉಳಿದಿರುವುದು ಮಾತ್ರ ‘ಡಾಕ್ಟ್ರ ಸಂಸಾರ’. ಬಂದಾಗ ಇಬ್ಬರೂ ಇನ್ನೂ ಪೂರ್ತಿ ಡಾಕ್ಟರಾಗಿರಲಿಲ್ಲ. ಅವನು ಹೌಸ್ ಸರ್ಜನ್, ಅವಳು ಎಂಬಿಬಿಎಸ್ ಕೊನೆಯ ವರ್ಷ. ಆದರೂ ಸಾಮಾನು ಇಳಿಸಿದ ಸಂಜೆಗೇ ಬೀದಿಯವರೆಲ್ಲ ಡಾಕ್ಟ್ರು ಅಂತಲೇ ಕರೆಯತೊಡಗಿದರು.

ಅವರು ನಮ್ಮ ಕಡೆ ಬಂದದ್ದಕ್ಕೆ ಕಾರಣ ಕೆಂಪೇಗೌಡ ವೈದ್ಯಕೀಯ ಕಾಲೇಜು. ಅಲ್ಲಿಯವರೆಗೆ ಬೆಂಗಳೂರಿನಲ್ಲಿ ಮೆಡಿಕಲ್ ಎಂದರೆ 1955ರಲ್ಲಿ ಶುರುವಾದ ಬೆಂಗಳೂರು ಮೆಡಿಕಲ್ ಕಾಲೇಜು, ಅದರ ವಿಕ್ಟೋರಿಯಾ, ವಾಣಿವಿಲಾಸ. ಓದುವವರು ಚಾಮರಾಜಪೇಟೆ, ವಿ.ವಿ. ಪುರದ ವಠಾರಗಳಲ್ಲಿ, ಹಾಸ್ಟೆಲುಗಳಲ್ಲಿ ಇರುತ್ತಿದ್ದರು. 1963ರಲ್ಲಿ ಸೇಂಟ್ ಜಾನ್ಸ್ ಬಂತು. 1980ರಲ್ಲಿ ರಾಜ್ಯ ಒಕ್ಕಲಿಗರ ಸಂಘದ ‘ಕಿಮ್ಸ್’ ಶುರುವಾಯಿತು. ಕಾಲೇಜು ಬನಶಂಕರಿ 2ನೇ ಹಂತದಲ್ಲಿ, ಆಸ್ಪತ್ರೆ ವಿ.ವಿ. ಪುರದಲ್ಲಿ. ಎರಡೂ ಇರುವುದು ಕೆ.ಆರ್. ರಸ್ತೆಯಲ್ಲೇ. ಹಾಗಾಗಿ ಮೊನೋಟೈಪ್ ಬಸ್ ಸ್ಟಾಪಿನಲ್ಲಿ ಬೆಳಿಗ್ಗೆ ಬಿಳಿ ಏಪ್ರನ್ ಮಡಚಿ ತೋಳಿಗೆ ಹಾಕಿಕೊಂಡ ಹುಡುಗ ಹುಡುಗಿಯರ ಸಾಲೇ ಇರುತ್ತಿತ್ತು. ಆ ಸಾಲಿನಲ್ಲಿ ಮದುವೆಯಾದವರು ಬಹಳ ಅಪರೂಪ. ಕೊರಳಲ್ಲಿ ಸ್ಟೆತಾಸ್ಕೋಪು, ಅದರ ಕೆಳಗೆ ತಾಳಿ, ಹೆಗಲಿಗೆ ಜೋಳಿಗೆ ಚೀಲ: ನಮ್ಮ ಮಹಡಿಯ ಅಕ್ಕನನ್ನು ದೂರದಿಂದಲೇ ಗುರುತಿಸಬಹುದಾಗಿತ್ತು.

ಅದು 1988. ಅವಳು ಮಂಡ್ಯದ ಕಡೆಯ ಹಳ್ಳಿಯವಳು, ಅವನು ಹಾಸನದವನು. ಕಾಲೇಜಿನಲ್ಲಿ ಅವನು ಅವಳಿಗೆ ಒಂದು ವರ್ಷ ಸೀನಿಯರ್. ಪ್ರೀತಿಸಿ ಆದ ಮದುವೆ. ಜಾತಿ ಒಂದೇ ಆದ್ದರಿಂದ ಗಲಾಟೆ ಒಂದು ಬೇಸಿಗೆಗೇ ಮುಗಿಯಿತಂತೆ. ‘ಓದು ಮುಗಿಯೋವರೆಗೂ ಕಾಯಬೇಕಿತ್ತು’ ಎಂದು ಎರಡೂ ಮನೆಯವರು ಹೇಳುತ್ತಲೇ, ಪಾತ್ರೆ, ಹಾಸಿಗೆ, ಒಂದು ಮೂಟೆ ಅಕ್ಕಿ, ರಾಗಿ ಹಿಟ್ಟು ಇಳಿಸಿ ಹೋದರು. ಹತ್ತು ತಿಂಗಳ ಅಡ್ವಾನ್ಸ್ ಅಪ್ಪ ಕೇಳಿದ್ದು; ಅವರು ಕೊಟ್ಟದ್ದು ಅರ್ಧ. ಉಳಿದದ್ದು ಸ್ಟೈಪೆಂಡು ಬಂದಾಗ ಎಂದರು. ಅಪ್ಪ ಆ ಬಾಕಿಯನ್ನು ಡೈರಿಯಲ್ಲಿ ಬರೆದಿಟ್ಟರು. ಅದನ್ನು ಕೇಳಿದ್ದನ್ನು ನಾನು ನೋಡಲಿಲ್ಲ.

ನಾನಾಗ ಮಿಡ್ಲ್ ಸ್ಕೂಲಿನಲ್ಲಿದ್ದೆ. ನನಗೆ ಅವರು ಅಕ್ಕ, ಅಣ್ಣ. ಅವರಿಗೆ ನಮ್ಮಮ್ಮ ಆಂಟಿ, ಅಪ್ಪ ಅಂಕಲ್. ಅಮ್ಮನ ಎದುರಿಗೆ ಅವಳು ಗಂಡನನ್ನು ‘ಇವರು’ ಅನ್ನುತ್ತಿದ್ದಳು, ‘ರೀ’ ಎಂದು ಕರೆಯುತ್ತಿದ್ದಳು. ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡರೆ ಬೇರೆಯೇ ಭಾಷೆ. ಒಂದು ರಾತ್ರಿ ಕರೆಂಟು ಹೋಗಿ ಎಲ್ಲರೂ ಹೊರಗೆ ಕೂತಿದ್ದಾಗ ತಾರಸಿಯಿಂದ ‘ಅಯ್ಯ ಹೋಗ್ಲಾ, ನಿಂಗೇನ್ ಗೊತ್ತು ಸರ್ಜರಿ’ ಎಂಬ ಮಾತು ಸ್ಪಷ್ಟವಾಗಿ ಕೇಳಿಬಂತು. ಅಮ್ಮ ಬೆಚ್ಚಿ ಅಪ್ಪನ ಮುಖ ನೋಡಿದರು. ‘ಗಂಡನಿಗೆ ಲಾ ಅಂತಾಳಲ್ರೀ!’ ಅಪ್ಪ ಬೀಸಣಿಗೆ ಬೀಸಿಕೊಳ್ಳುತ್ತಾ, ‘ಅವಳು ಅವನ ಕ್ಲಾಸ್‌ಮೇಟ್ ಇದ್ದಂಗೆ ಕಣೆ, ಅನ್ಲಿ ಬಿಡು’ ಎಂದರು. ಅದಾದ ಮೇಲೆ ಅಮ್ಮ ಕೆಲವು ಸಲ ಬೇಕೆಂದೇ ತಾರಸಿಗೆ ಬಟ್ಟೆ ಒಣಗಿಸಲು ಸಂಜೆ ಹೊತ್ತು ಹೋಗುತ್ತಿದ್ದುದು ನನ್ನ ಗಮನಕ್ಕೆ ಬಂದಿದೆ.

ಆ ದಾಂಪತ್ಯದ ಮುಖ್ಯ ಸಮಸ್ಯೆ ಇಬ್ಬರೂ ಒಟ್ಟಿಗೆ ಎಚ್ಚರವಿರುವ ಹೊತ್ತು ಸಿಗದಿದ್ದುದು. ಹೌಸ್ ಸರ್ಜನ್ಸಿ ಎಂದರೆ ಒಂದು ವರ್ಷ ಯಾವ ವಾರ್ಡಿಗೆ ಹಾಕಿದರೆ ಅಲ್ಲಿಗೆ: ಮೆಡಿಸಿನ್, ಸರ್ಜರಿ, ಹೆರಿಗೆ ವಾರ್ಡು, ನಡುವೆ ಹಳ್ಳಿ ಪೋಸ್ಟಿಂಗು. ರಾತ್ರಿ ಡ್ಯೂಟಿ ಮುಗಿಸಿ ಅವನು ಬರುವ ಹೊತ್ತಿಗೆ ಅವಳು ಕ್ಲಿನಿಕ್ಸಿಗೆ ಹೊರಟಿರುತ್ತಿದ್ದಳು. ಬೀಗದ ಕೈ ನಮ್ಮ ಮನೆಯ ಮೀಟರ್ ಬೋರ್ಡಿನ ಮೇಲೆ. ಸಂದೇಶಕ್ಕೆ ನನ್ನ ಹಳೆಯ ಸ್ಲೇಟು. ಅದನ್ನು ಮೆಟ್ಟಿಲ ಬಳಿಯ ಮೊಳೆಗೆ ನೇತುಹಾಕಿದ್ದರು. ಒಂದು ಮಗ್ಗುಲಲ್ಲಿ ಅವಳು: ‘ಸೊಪ್ಪಿನ ಸಾರು ಇದೆ. ಬಿಸಿ ಮಾಡ್ಕೊ. ಮುದ್ದೆ ನೀನೇ.’ ಇನ್ನೊಂದು ಮಗ್ಗುಲಲ್ಲಿ ಅವನು: ‘ಕ್ಯಾಶುಯಲ್ಟಿ. ನಾಳೆ ಬೆಳಿಗ್ಗೆ. ಹಾರ್ಟ್ ಕೇಸ್ ಬಂದಿದೆ, ಬೆಡ್ 14, ಬಂದು ಕೇಳಿಸ್ಕೊ.’ ಪ್ರೇಮಪತ್ರ ಹೇಗಿರುತ್ತದೆ ಎಂದು ನಾನು ಮೊದಲು ತಿಳಿದದ್ದು ಈ ಸ್ಲೇಟಿನಿಂದ. ಹೆಂಡತಿಗೆ ಒಳ್ಳೆಯ ಮರ್ಮರ್ ಇರುವ ಹೃದ್ರೋಗಿಯೊಬ್ಬರನ್ನು ಹುಡುಕಿಕೊಡುವುದಕ್ಕಿಂತ ದೊಡ್ಡ ಉಡುಗೊರೆ, ಪರೀಕ್ಷೆ ಹತ್ತಿರವಿದ್ದಾಗ, ಬೇರೆ ಇಲ್ಲವಂತೆ.

ಅವನು ಹಗಲು ಮಲಗಿದ ದಿನ ನಮ್ಮ ಮನೆಯಲ್ಲಿ ರೇಡಿಯೋ ಸಣ್ಣಗಾಗುತ್ತಿತ್ತು. ಅಮ್ಮ ಒರಳಿನ ಮುಂದೆ ಕೂರುವುದನ್ನು ಮಧ್ಯಾಹ್ನಕ್ಕೆ ಮುಂದೂಡುತ್ತಿದ್ದರು. ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ಎದುರು ಮನೆಯ ಅಜ್ಜ ‘ಡಾಕ್ಟ್ರು ಮಲಗವ್ರೆ, ಆ ಕಡೆ ಹೋಗ್ರೋ’ ಎಂದು ಓಡಿಸುತ್ತಿದ್ದರು. ಇದನ್ನೆಲ್ಲ ಯಾರೂ ಅವನಿಗೆ ಹೇಳಿರಲಿಲ್ಲ. ಅವನು ನಿದ್ದೆಯಲ್ಲಿರುತ್ತಿದ್ದನಲ್ಲ.

ಊಟದ ವಿಷಯ ಹೇಳಬೇಕು. ಗ್ಯಾಸ್ ಸಂಪರ್ಕಕ್ಕೆ ಆಗ ವರ್ಷಗಟ್ಟಲೆ ಕಾಯಬೇಕಿತ್ತು. ಅವರದು ಸೀಮೆಎಣ್ಣೆಯ ಬತ್ತಿ ಸ್ಟೌ. ಎಣ್ಣೆ ನಮ್ಮ ಕಾರ್ಡಿನಲ್ಲಿ ಬಂದದ್ದರಲ್ಲಿ ಪಾಲು. ತಿಂಗಳ ಮೊದಲ ವಾರ ಸ್ಟೈಪೆಂಡು ಕೈಗೆ ಬಂದಾಗ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ; ಎರಡನೆಯ ವಾರ ದರ್ಶಿನಿಯಲ್ಲಿ ನಿಂತು ತಿನ್ನುವ ಇಡ್ಲಿ; ಆಮೇಲೆ ಮನೆಯ ಮುದ್ದೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ನಿಂತುಕೊಂಡು ತಿನ್ನುವುದು ಏನು ಮರ್ಯಾದೆ ಎಂದವರಿದ್ದರು. ಆಸ್ಪತ್ರೆಯ ಹುಡುಗರು ಮಾತ್ರ ಹಾಗೆ ಕೇಳಿದ್ದು ನನಗೆ ಗೊತ್ತಿಲ್ಲ. ಅವರಿಗೆ ಕೂತು ತಿನ್ನುವುದೇ ಗೊತ್ತಿರಲಿಲ್ಲ. ಅವನು ಆಸ್ಪತ್ರೆಯಿಂದ ಬರುವಾಗ ಸಜ್ಜನ್ ರಾವ್ ವೃತ್ತದ ವಿ.ಬಿ. ಬೇಕರಿಯಿಂದ ಕಾಂಗ್ರೆಸ್ ಕಡಲೆಕಾಯಿ ಪೊಟ್ಟಣ ತರುತ್ತಿದ್ದ. ಅರ್ಧ ನನಗೆ, ಅರ್ಧ ಅವಳಿಗೆ. ಅವಳು ತನ್ನ ಪಾಲನ್ನು ರಾತ್ರಿ ಓದುವಾಗ ಒಂದೊಂದೇ ಬೇಳೆ ಎಣಿಸಿಕೊಂಡು ತಿನ್ನುತ್ತಿದ್ದಳು, ಒಂದು ಪುಟಕ್ಕೆ ಒಂದು.

ಈಗ ಮೂಳೆಯ ಕಥೆ. ಅವನಿಗೆ ಎಂ.ಎಸ್. ಆರ್ಥೋ ಮಾಡುವ ಆಸೆ. ಹಾಗಾಗಿ ಮೊದಲ ವರ್ಷ ಸೀನಿಯರೊಬ್ಬನಿಂದ ಕೊಂಡ ಬೋನ್ ಸೆಟ್ಟನ್ನು ಎಲ್ಲರಂತೆ ಜೂನಿಯರಿಗೆ ಮಾರದೆ ಇಟ್ಟುಕೊಂಡಿದ್ದ. ತಗಡಿನ ಟ್ರಂಕಿನಲ್ಲಿ, ಮಂಚದಡಿ. ಆ ಕಾಲದಲ್ಲಿ ಅದು ಪ್ಲಾಸ್ಟಿಕ್ಕಿನದಲ್ಲ. ಜಗತ್ತಿನ ಮೆಡಿಕಲ್ ಕಾಲೇಜುಗಳಿಗೆ ಅಸ್ಥಿಪಂಜರ ಕಳಿಸುತ್ತಿದ್ದ ದೊಡ್ಡ ದೇಶ ನಮ್ಮದೇ ಆಗಿತ್ತು, ಅದರಲ್ಲೂ ಕಲ್ಕತ್ತ. ಕೇಂದ್ರ ಸರ್ಕಾರ 1985ರಲ್ಲಿ ಆ ರಫ್ತನ್ನು ನಿಲ್ಲಿಸಿತು. ನಮ್ಮ ವಿದ್ಯಾರ್ಥಿಗಳ ಮಂಚದಡಿಯ ಮೂಳೆಗಳು ಮಾತ್ರ ಸೀನಿಯರಿಂದ ಜೂನಿಯರಿಗೆ ಕೈ ಬದಲಾಗುತ್ತಲೇ ಇದ್ದವು.

ಒಂದು ದಿನ ಮಳೆನೀರು ಸೋರಿ ಟ್ರಂಕು ನೆನೆಯಿತು. ಅವನು ಮೂಳೆಗಳನ್ನೆಲ್ಲ ತಾರಸಿಯಲ್ಲಿ ಹಳೆಯ ಲುಂಗಿಯ ಮೇಲೆ ಹರವಿ, ಡ್ಯೂಟಿಗೆ ಹೋದ. ಅಮ್ಮ ಸಂಡಿಗೆ ಇಡಲು ಹೋದವರು ಕಂಡಿದ್ದು ಅದನ್ನು. ಕೂಗಲಿಲ್ಲ. ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದುಕೊಂಡೇ ಕೆಳಗೆ ಬಂದು, ತಲೆಗೆ ಸ್ನಾನ ಮಾಡಿ, ದೇವರ ಮುಂದೆ ಕೂತರು. ಸಂಜೆ ಇಬ್ಬರೂ ಬಂದು ತಲೆ ತಗ್ಗಿಸಿ ನಿಂತಾಗ ಮನೆ ಖಾಲಿ ಮಾಡಿ ಅನ್ನುತ್ತಾರೆಂದು ನಾನು ಕಾದಿದ್ದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. ‘ಅದು ಗಂಡಸಿನದೋ ಹೆಂಗಸಿನದೋ?’ ಅವನು ಸೊಂಟದ ಮೂಳೆ ತೋರಿಸಿ, ಇಲ್ಲಿ ಅಗಲ ನೋಡಿ ಆಂಟಿ, ಹೆಂಗಸಿನದು, ಮಗು ಆಗೋದಕ್ಕೆ ಹೀಗಿರತ್ತೆ ಎಂದು ವಿವರಿಸಿದ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಯಾರ ಮನೆ ಮಗಳೋ ಏನೋ’ ಎಂದರು. ಆ ವರ್ಷದ ಸರಸ್ವತಿ ಪೂಜೆಗೆ ಮೇಲಿನವರು ಚೌರಾಸಿಯಾ, ಪಾರ್ಕ್, ಹ್ಯಾರಿಸನ್ ಪುಸ್ತಕಗಳನ್ನು ನಮ್ಮ ದೇವರ ಮನೆಗೆ ತಂದಿಟ್ಟಾಗ, ‘ಅವಳಿಗೂ ಒಂದು ಹೂವು ಇಡು ಹೋಗು’ ಎಂದು ಸೇವಂತಿಗೆ ಕೊಟ್ಟು ಅಕ್ಕನನ್ನು ಮಹಡಿಗೆ ಕಳಿಸಿದ್ದು ಅಮ್ಮನೇ.

ನಾನು ಅವರಿಂದ ಮಣಿಕಟ್ಟಿನ ಎಂಟು ಮೂಳೆ ಕಲಿತೆ: ಸ್ಕೇಫಾಯ್ಡ್, ಲೂನೇಟ್, ಟ್ರೈಕ್ವೆಟ್ರಲ್, ಪಿಸಿಫಾರ್ಮ್, ಟ್ರಪೀಜಿಯಂ, ಟ್ರಪಿಜಾಯ್ಡ್, ಕ್ಯಾಪಿಟೇಟ್, ಹೇಮೇಟ್. ಮಗ್ಗಿ ಮರೆತಿದೆ, ಇದು ಮರೆತಿಲ್ಲ. ಕಾಮರ್ಸ್ ಓದಿದವಳಿಗೆ ಇದರಿಂದ ಏನೂ ಉಪಯೋಗವಾಗಿಲ್ಲ, ಅದು ಬೇರೆ.

ಆ ಮನೆಯ ಶೆಲ್ಫಿನಲ್ಲಿ ಪಠ್ಯಪುಸ್ತಕಗಳ ಪಕ್ಕದಲ್ಲಿ ಕಾಗದದ ಹೊದಿಕೆ ಹಾಕಿದ್ದ ಇನ್ನೊಂದು ಪುಸ್ತಕವಿತ್ತು. ಮದುವೆಗೆ ಯಾರೋ ಕೊಟ್ಟದ್ದು, ಅನುಪಮಾ ನಿರಂಜನರ ‘ದಾಂಪತ್ಯ ದೀಪಿಕೆ’. ಅದೇ ಲೇಖಕಿಯ ‘ದಿನಕ್ಕೊಂದು ಕಥೆ’ಯನ್ನು ನಾನು ಕೆಳಗಡೆ ಓದುತ್ತಿದ್ದೆ. ಸ್ವತಃ ವೈದ್ಯೆ, ಕಾದಂಬರಿಕಾರ ನಿರಂಜನರ ಹೆಂಡತಿ. ನಮ್ಮ ಒಂದೇ ಮನೆಗೆ ಮೇಲೊಂದು ಕೆಳಗೊಂದು ಪುಸ್ತಕ ಬರೆದುಕೊಟ್ಟಿದ್ದರು. ಎಂಬಿಬಿಎಸ್ ಕೊನೆಯ ವರ್ಷದವಳಿಗೆ ದಾಂಪತ್ಯದ ಪುಸ್ತಕ ಯಾಕೆ ಎಂದು ಅಮ್ಮ ತಮಾಷೆ ಮಾಡಿದರೆ ಅಕ್ಕ ಹೇಳಿದಳು: ‘ಆಂಟಿ, ನಮ್ ಟೆಕ್ಸ್ಟ್‌ಬುಕ್ಕಲ್ಲಿ ರೋಗ ಬಂದ್ಮೇಲಿಂದು ಮಾತ್ರ ಇರೋದು.’

ಪರೀಕ್ಷೆಗೆ ಮುಂಚೆ ಮೂರು ತಿಂಗಳು ನಮ್ಮಪ್ಪನೇ ಅವಳ ರೋಗಿ. ಆಗಿನ್ನೂ ಪರೀಕ್ಷೆ ಬೆಂಗಳೂರು ವಿಶ್ವವಿದ್ಯಾಲಯದ್ದು. ಈಗ ಜಯನಗರ 4ನೇ ‘ಟಿ’ ಬ್ಲಾಕಿನಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಹುಟ್ಟಿದ್ದು 1996ರಲ್ಲಿ. ಪರೀಕ್ಷೆಯಲ್ಲಿ ಒಂದು ಲಾಂಗ್ ಕೇಸು, ಕೆಲವು ಶಾರ್ಟ್ ಕೇಸು. ರೋಗಿಯ ಕಥೆ ಕೇಳಿ, ಮುಟ್ಟಿ, ತಟ್ಟಿ, ಆಲಿಸಿ, ಪರ ಊರಿನಿಂದ ಬಂದ ಎಕ್ಸ್‌ಟರ್ನಲ್ ಮುಂದೆ ನಿಂತು ಒಪ್ಪಿಸಬೇಕು. ಅದರ ತಾಲೀಮು ನಮ್ಮ ವರಾಂಡದಲ್ಲಿ. ಅಪ್ಪ ಆಫೀಸಿನಿಂದ ಬಂದು, ಅಂಗಿ ಬಿಚ್ಚಿ, ಬೆತ್ತದ ಕುರ್ಚಿಯಲ್ಲಿ ಜನಿವಾರ ಸರಿಮಾಡಿಕೊಂಡು ಕೂರುತ್ತಿದ್ದರು. ಅವಳು ಬೆನ್ನಿನ ಮೇಲೆ ಅಂಗೈ ಇಟ್ಟು, ‘ಅಂಕಲ್, ಒಂದು ಒಂದು ಒಂದು ಅನ್ನಿ’ ಎನ್ನುವಳು. ಅಪ್ಪ ಗಂಭೀರವಾಗಿ ‘ಒಂದು, ಒಂದು, ಒಂದು’ ಎನ್ನುವರು. ಬೆರಳ ಮೇಲೆ ಬೆರಳಿಟ್ಟು ಎದೆ ತಟ್ಟುವಳು. ಅವನು ಎಕ್ಸ್‌ಟರ್ನಲ್, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ‘ಬಲಗಡೆ ನಿಂತ್ಕೊಂಡು ನೋಡ್ಬೇಕು, ಪೇಷೆಂಟ್ ಎಡಗಡೆ ಯಾಕ್ ಹೋದೆ? ಫೇಲ್!’ ಎಂದು ಗದರುವನು. ಅವಳು ಕಣ್ಣಲ್ಲಿ ನೀರು ತಂದುಕೊಂಡದ್ದೂ ಉಂಟು. ಆಗ ರೋಗಿಯೇ ಎದ್ದು ನಿಂತು, ‘ಹುಡುಗೀನ ಹಾಗೆ ಗದರಬೇಡಪ್ಪ, ನಾನು ಇನ್ನೊಂದ್ಸಲ ಒಂದು ಒಂದು ಅಂತೀನಿ’ ಎಂದು ರಾಜಿ ಮಾಡಿಸುತ್ತಿದ್ದರು.

ಯಕೃತ್ತು ನೋಡುವುದಕ್ಕೆ ನಾನು. ಚಾಪೆಯ ಮೇಲೆ ಮಲಗಿ, ಮಂಡಿ ಮಡಚಿ, ‘ಜೋರಾಗಿ ಉಸಿರು ಎಳ್ಕೊ ಪುಟ್ಟಿ’ ಎಂದಾಗ ಎಳೆದುಕೊಳ್ಳಬೇಕು. ಮುಟ್ಟುವ ಮೊದಲು ಅವಳು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ತಣ್ಣನೆ ಕೈ ಇಟ್ಟರೆ ರೋಗಿಯ ಹೊಟ್ಟೆ ಬಿಗಿಯುತ್ತದೆ, ಏನೂ ಸಿಗುವುದಿಲ್ಲ ಎಂದು ಅವಳಿಗೆ ಹೇಳಿಕೊಟ್ಟಿದ್ದರಂತೆ. ಆಮೇಲೆ ಎಷ್ಟೋ ಡಾಕ್ಟರರ ಮುಂದೆ ಮಲಗಿದ್ದೇನೆ. ಕೈ ಉಜ್ಜಿಕೊಂಡವರು ತೀರಾ ಕಡಿಮೆ. ಈಗಂತೂ ಮುಟ್ಟುವುದೇ ಕಡಿಮೆ; ಸ್ಕ್ಯಾನ್ ಬರೆದುಕೊಡುತ್ತಾರೆ.

ನಮ್ಮದು ಆ ಬೀದಿಯಲ್ಲಿ ಫೋನಿದ್ದ ಕೆಲವೇ ಮನೆಗಳಲ್ಲಿ ಒಂದು. ಅವರ ಆಸ್ಪತ್ರೆಯ ಕಾಗದಗಳಲ್ಲಿ ನಮ್ಮ ನಂಬರಿನ ಮುಂದೆ ‘ಪಿ.ಪಿ.’, ಅಂದರೆ ಪಕ್ಕದವರ ಫೋನು, ಎಂದು ಬರೆದಿರುತ್ತಿತ್ತು. ರಾತ್ರಿ ಎರಡಕ್ಕೆ ಫೋನು ಬಡಿದುಕೊಂಡರೆ ಅಪ್ಪ ಎದ್ದು, ಬ್ಯಾಟರಿ ಹಿಡಿದು, ಹೊರಗಿನ ಮೆಟ್ಟಿಲ ಕಂಬಿಯನ್ನು ಬೀಗದ ಕೈಯಿಂದ ಟಣಟಣ ಹೊಡೆಯುವರು. ಅವನು ಲುಂಗಿಯಲ್ಲೇ ಇಳಿದು ಬಂದು, ಮಾತಾಡಿ, ಪ್ಯಾಂಟು ಹಾಕಿಕೊಂಡು ಅಪ್ಪನ ಸೈಕಲ್ಲಿನಲ್ಲೇ ಹೊರಡುವನು. ಇದಕ್ಕೆಲ್ಲ ಬಾಡಿಗೆಯಲ್ಲಿ ಲೆಕ್ಕವಿರಲಿಲ್ಲ. ಅವರ ಕಡೆಯಿಂದಲೂ ಲೆಕ್ಕವಿರಲಿಲ್ಲ. ಬೀದಿಯವರು ಬಿಪಿ ನೋಡಿಸಿಕೊಳ್ಳಲು ಮೆಟ್ಟಿಲು ಹತ್ತುತ್ತಿದ್ದರು. ‘ನಾನಿನ್ನೂ ಪಾಸಾಗಿಲ್ಲ, ಔಷಧಿ ಬರೆಯೋ ಹಂಗಿಲ್ಲ’ ಎಂದು ಅವಳು ಹೇಳಿದರೆ, ‘ಬರೀಬೇಡಮ್ಮ, ಎಷ್ಟಿದೆ ಹೇಳು ಸಾಕು’ ಎನ್ನುವರು.

ಸಿನಿಮಾ, ಸುತ್ತಾಟ ಅಂತ ಹೆಚ್ಚಿರಲಿಲ್ಲ. ಇಬ್ಬರಿಗೂ ಒಟ್ಟಿಗೆ ಬಿಡುವು ಸಿಕ್ಕ ಭಾನುವಾರ ಜಯನಗರದ ನಂದಾ ಟಾಕೀಸಿಗೆ ಸೆಕೆಂಡ್ ಶೋ, ಮಂಗಳವಾರ ಅಮ್ಮನ ಜೊತೆ ಬನಶಂಕರಿ ದೇವಸ್ಥಾನಕ್ಕೆ ನಿಂಬೆಹಣ್ಣಿನ ದೀಪ. ನಂದಾ ಟಾಕೀಸು ಹೋಯಿತು, 4ನೇ ಬ್ಲಾಕಿನ ಪುಟ್ಟಣ್ಣ ಥಿಯೇಟರೂ ಹೋಯಿತು. ದೀಪ ಹಚ್ಚುವವರ ಸಾಲು ಮಾತ್ರ ಉದ್ದವಾಗಿದೆ.

ಚಿನ್ನದಂಥ ಕಾಲ ಎಂದು ನಾನು ಹೇಳುವುದಿಲ್ಲ. ಮನೆ ಕೊಡುವ ಮುಂಚೆ ‘ನೀವು ಯಾವ ಪೈಕಿ’ ಎಂಬ ಪ್ರಶ್ನೆ ನಮ್ಮ ಮನೆಯಲ್ಲೂ ಕೇಳಿದ್ದಾರೆ. ಉತ್ತರ ಬೇರೆಯಾಗಿದ್ದರೆ ಮನೆ ಸಿಗುತ್ತಿರಲಿಲ್ಲ. ಅದೇ ಬೀದಿಗಳಲ್ಲಿ ದಲಿತ ಹುಡುಗರು, ಮುಸ್ಲಿಂ ಹುಡುಗರು ಡಾಕ್ಟರ ಏಪ್ರನ್ ಹಾಕಿಕೊಂಡೇ ‘ಟು ಲೆಟ್’ ಬೋರ್ಡಿನ ಮುಂದಿನಿಂದ ವಾಪಸು ಹೋಗಿರುವುದು ನನಗೆ ಗೊತ್ತಿದೆ. ಇವರಿಗೂ ಒಂದು ಷರತ್ತು ಹಾಕಲಾಗಿತ್ತು: ಮಾಂಸ, ಮೊಟ್ಟೆ ಕೂಡದು. 1990ರಲ್ಲಿ, ಹೌಸ್ ಸರ್ಜನ್ಸಿ ಮಾಡುತ್ತಿದ್ದಾಗ ಅಕ್ಕ ಬಸುರಿಯಾದಳು. ಹೆರಿಗೆ ವಾರ್ಡಿನಲ್ಲಿ ಬೇರೆಯವರ ಹೆರಿಗೆ ಮಾಡಿಸಿ ಬಂದು ನಮ್ಮ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ರಕ್ತ ಕಡಿಮೆ, ಪ್ರೋಟೀನ್ ಬೇಕು ಎಂದು ಅವಳ ಮೇಡಂ ಹೇಳಿದ್ದರು. ಅಪ್ಪ ಒಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದರು: ‘ಮನುಷ್ಯರ ಮೂಳೆ ಇಟ್ಕೊಂಡಿದೀವಿ ತಲೆ ಮೇಲೆ. ಒಂದು ಕೋಳಿ ಮೊಟ್ಟೆಗೆ ಜಾಗ ಇಲ್ವಾ?’ ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಒಂದು ಹಳೆಯ ಅಲ್ಯೂಮಿನಿಯಂ ಪಾತ್ರೆ ಕೊಟ್ಟು, ‘ಇದರಲ್ಲಿ ಬೇಯಿಸ್ಕೊ, ಕೆಳಗೆ ತರಬೇಡ’ ಎಂದರು. ಮನೆ ನಿಯಮ ಮುರಿದದ್ದು ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ಆ ಪೋರ್ಷನ್ನಿಗೆ ಬಾಡಿಗೆಗೆ ಬಂದವರನ್ನು ಯಾರೂ 'ಯಾವ ಪೈಕಿ' ಎಂದು ಕೇಳಲಿಲ್ಲ, ಅಪ್ಪ ಕೇಳಗೊಡಲಿಲ್ಲ.

ಬಾಣಂತನ ಮಂಡ್ಯದಲ್ಲಿ. ಮೂರು ತಿಂಗಳಾದ ಮೇಲೆ ಮಗು ಮಹಡಿಗೆ ಬಂತು. ಹಾಗೆನ್ನುವುದು ಹೆಸರಿಗೆ, ಅದು ಇದ್ದದ್ದು ಕೆಳಗೆ. ಎಣ್ಣೆ ಸ್ನಾನ ಅಮ್ಮನದು, ತೊಟ್ಟಿಲು ತೂಗುವುದು ನನ್ನದು, ಸಂಜೆ ಬೀದಿ ತೋರಿಸುವುದು ಅಪ್ಪನದು. ಅವಳು ಬಿಟ್ಟ ಪೋಸ್ಟಿಂಗುಗಳನ್ನು ಮುಗಿಸಿದಳು. ಕೂಸನ್ನು ಬಿಟ್ಟು ರಾತ್ರಿ ಡ್ಯೂಟಿಗೆ ಹೋಗುವಾಗ ಅವಳು ಹಿಂತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಹೋಗಲಾಗುವುದಿಲ್ಲ ಎಂದು ಆಮೇಲೆ ಹೇಳಿದಳು.

1991ರಲ್ಲಿ ಅವನಿಗೆ ದಾವಣಗೆರೆಯಲ್ಲಿ ಪಿಜಿ ಸೀಟು ಸಿಕ್ಕಿತು. ಟೆಂಪೋದಲ್ಲಿ ಟ್ರಂಕು ಮೊದಲು ಹತ್ತಿತು. ಹೋದವರು ಕೆಲವು ವರ್ಷದ ನಂತರ ವಾಪಸು ಬಂದು ಜೆ.ಪಿ. ನಗರದಲ್ಲಿ ಒಂದು ಮನೆಯ ಕಾರ್ ಶೆಡ್ಡಿನಲ್ಲಿ ಸಂಜೆ ಕ್ಲಿನಿಕ್ ತೆರೆದರು. ಒಂದು ಬೆಂಚು, ನಡುವೆ ಪರದೆ, ಪರದೆಯ ಆ ಕಡೆ ಮೂಳೆ, ಈ ಕಡೆ ಹೆರಿಗೆ. ನಮ್ಮ ಬೀದಿಯ ಅರ್ಧ ಜನ ಎರಡು ಬಸ್ ಬದಲಾಯಿಸಿ ಅಲ್ಲಿಗೇ ಹೋದರು. ನಮ್ಮಪ್ಪನ ಕೊನೆಯ ಕಾಲದಲ್ಲಿ ವಾರಕ್ಕೊಮ್ಮೆ ಅವಳೇ ಮನೆಗೆ ಬಂದು ಬಿಪಿ ನೋಡುತ್ತಿದ್ದಳು. ಅಂಗೈ ಉಜ್ಜಿಕೊಂಡು. ಫೀಜಿನ ಮಾತು ಎತ್ತಿದರೆ, ‘ಅಡ್ವಾನ್ಸ್ ಬಾಕಿ ಇದೆಯಲ್ಲ ಅಂಕಲ್’ ಎನ್ನುವಳು. ಕೋವಿಡ್ ವರ್ಷ ಮುಚ್ಚಿದ ಕ್ಲಿನಿಕ್ ಮತ್ತೆ ತೆರೆಯಲಿಲ್ಲ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಆಸ್ಪತ್ರೆ ಕಸದ ಗುತ್ತಿಗೆ, ಬಾಡಿಗೆ, ಕಂಪ್ಯೂಟರು. ನಿಯಮಗಳು ಬೇಕಾದವೇ, ಆದರೆ ದೊಡ್ಡ ಆಸ್ಪತ್ರೆಗೆ ಅವು ಒಂದು ವಿಭಾಗದ ಕೆಲಸ, ಬೆಂಚಿನ ಕ್ಲಿನಿಕ್ಕಿಗೆ ಇಡೀ ಸಂಜೆ.

ಪೋರ್ಷನ್ನುಗಳು ಹೋದದ್ದು ಸದ್ದಿಲ್ಲದೆ. ಮಕ್ಕಳು ಪಾಲು ಕೇಳಿದರು, ಹಲವರು ಹೊರದೇಶದಲ್ಲಿದ್ದರು, ನಿವೇಶನದ ಬೆಲೆ ಮನೆಯ ಬೆಲೆಯನ್ನು ನುಂಗಿತು. ಬಿಲ್ಡರಿಗೆ ಜಂಟಿ ಅಭಿವೃದ್ಧಿಗೆ ಕೊಟ್ಟರೆ ಕೆಳಗೆ ಕಾರು ನಿಲ್ಲಿಸುವ ಸ್ಟಿಲ್ಟು, ಮೇಲೆ ನಾಲ್ಕು ಮಹಡಿ, ಎರಡು ನಿಮಗೆ ಎರಡು ನಮಗೆ. ನಮ್ಮ ಮನೆಯೂ ಹಾಗೇ ಹೋಯಿತು. ನಾನೂ ನನ್ನ ತಮ್ಮನೂ ಸಹಿ ಹಾಕಿದೆವು, ಇಬ್ಬರಿಗೂ ಹಣ ಬೇಕಿತ್ತು. ಈಗ ಅಲ್ಲಿ ಹೊರಗಿನ ಮೆಟ್ಟಿಲಿಲ್ಲ, ಲಿಫ್ಟಿದೆ. ಕಾಲೇಜಿನ ಸುತ್ತಮುತ್ತ ಎಷ್ಟೋ ಮನೆಗಳು ಪೇಯಿಂಗ್ ಗೆಸ್ಟ್ ಆಗಿವೆ: ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ಗಂಡ ಹೆಂಡತಿಗೆ ಅಲ್ಲಿ ಜಾಗವೇ ಇಲ್ಲ.

ನಮ್ಮ ನೆಂಟರಲ್ಲಿ ನನಗೆ ಅಕ್ಕನಾಗಬೇಕಾದವಳೊಬ್ಬಳ ಮಗಳು ಈಗ ಎಂ.ಡಿ. ಮಾಡುತ್ತಿದ್ದಾಳೆ. ಮದುವೆಯಾಗಿ ಎರಡು ವರ್ಷ. ಗಂಡನೂ ಡಾಕ್ಟರು. ನೀಟ್ ಪಿಜಿ ಕೌನ್ಸೆಲಿಂಗಿನಲ್ಲಿ ರ‍್ಯಾಂಕು ಎಲ್ಲಿ ತಳ್ಳಿತೋ ಅಲ್ಲಿ ಸೀಟು. ಅವಳಿಗೆ ಬೆಂಗಳೂರು, ಅವನಿಗೆ ಕಲಬುರಗಿ. ಬಿಟಿಎಂ ಲೇಔಟಿನಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್ ಹಿಡಿದಿದ್ದಾಳೆ. ಓನರ್ ಯಾರು ಎಂದು ಕೇಳಿದೆ. ನೋಡಿಲ್ಲ ಎಂದಳು. ಬಾಡಿಗೆ ಫೋನಿನಲ್ಲಿ ಹೋಗುತ್ತದೆ, ಊಟ ಫೋನಿನಲ್ಲಿ ಬರುತ್ತದೆ, ಗಂಡನೂ ಫೋನಿನಲ್ಲೇ ಸಿಗುತ್ತಾನೆ. ಪಾಠವೂ ಅದರಲ್ಲೇ: ಮ್ಯಾರೋ ಎಂಬ ಆ್ಯಪಿನ ವಿಡಿಯೊವನ್ನು ಇಬ್ಬರೂ ಎರಡು ಊರಿನಲ್ಲಿ ಕೂತು ಒಂದೇ ಹೊತ್ತಿಗೆ ಹಾಕಿಕೊಂಡು ನೋಡುತ್ತಾರೆ, ಅದೇ ಅವರ ಒಟ್ಟಿಗಿರುವ ಹೊತ್ತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಬಂದ ಮೇಲೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ತಪ್ಪಿದೆ ಎಂಬುದೊಂದು ಸಮಾಧಾನ. ಹೋದ ಚಳಿಗಾಲದಲ್ಲಿ ಜ್ವರ ಬಂದು ಮಲಗಿದ್ದಾಗ ಕಟ್ಟಡದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅವರನ್ನು ದೂರುವ ಹಾಗಿಲ್ಲ. ಪಕ್ಕದ ಫ್ಲ್ಯಾಟಿನವರಿಗೆ ಇವಳು ಡಾಕ್ಟರೆಂಬುದೇ ಗೊತ್ತಿಲ್ಲ, ಇವಳಿಗೆ ಅವರ ಹೆಸರು ಗೊತ್ತಿಲ್ಲ.

ಈ ಮಕ್ಕಳು ನಮ್ಮ ಮಹಡಿಯವರಿಗಿಂತ ಬುದ್ಧಿವಂತರು, ಕೈಯಲ್ಲಿ ದುಡ್ಡೂ ಹೆಚ್ಚು. ಅವರಿಗೆ ಇಲ್ಲದ್ದು ಕೆಳಗಿನ ಮನೆ. ನಮ್ಮ ಅಕ್ಕ ಪರೀಕ್ಷೆ ಪಾಸಾದದ್ದರಲ್ಲಿ ಒಬ್ಬ ಎಜೀಸ್ ಆಫೀಸಿನ ಗುಮಾಸ್ತರ ಎದೆಗೂಡು, ಒಬ್ಬ ಹೆಂಗಸಿನ ನಿದ್ದೆಗೆಟ್ಟ ಮಧ್ಯಾಹ್ನಗಳು, ಒಂದು ಬೀದಿಯ ಮೌನ ಸೇರಿದ್ದವು. ಆ ಬೀದಿಗೆ ಅದು ಎಷ್ಟೋ ವರ್ಷ ಡಾಕ್ಟರಾಗಿ ವಾಪಸು ಬಂತು. ಈ ಕೊಡು–ಕೊಳ್ಳುವಿಕೆ ಯಾವ ಕಾಲೇಜಿನ ಸಿಲಬಸ್ಸಿನಲ್ಲೂ ಇರಲಿಲ್ಲ, ಆದ್ದರಿಂದ ಅದು ನಿಂತುಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

ಸರ್ಕಾರ ಮಾಡಬಹುದಾದದ್ದು ಒಂದಿದೆ. ಶಿಕ್ಷಕರ ವರ್ಗಾವಣೆಯಲ್ಲಿ ‘ಪತಿ–ಪತ್ನಿ ಪ್ರಕರಣ’ ಎಂದು ಒಂದು ಅವಕಾಶ ನಮ್ಮಲ್ಲೇ ಇದೆ. ಅಮೆರಿಕದಲ್ಲಿ ಡಾಕ್ಟರ ದಂಪತಿಗಳು ಇಬ್ಬರ ಆಯ್ಕೆಪಟ್ಟಿಯನ್ನು ಜೋಡಿಸಿ, ಒಂದೇ ಊರಿನ ತರಬೇತಿ ಸೀಟಿಗೆ ಒಟ್ಟಿಗೆ ಪ್ರಯತ್ನಿಸಬಹುದು. ಪಿಜಿ ಕೌನ್ಸೆಲಿಂಗಿನಲ್ಲಿ ಅಂಥದೊಂದು ಕಲಂ ಸೇರಿಸಿದರೆ ಯಾರ ರ‍್ಯಾಂಕೂ ಕೆಡದಂತೆ ನೋಡಿಕೊಳ್ಳಬಹುದು; ಕಂಪ್ಯೂಟರಿಗೆ ಇದು ಕಷ್ಟದ ಲೆಕ್ಕವಲ್ಲ. ರೆಸಿಡೆಂಟ್ ಡಾಕ್ಟರಿಗೆ ವಾರಕ್ಕೆ 48 ಗಂಟೆ ಕೆಲಸ ಎಂದು 1992ರ ಕೇಂದ್ರದ ಯೋಜನೆ ಹೇಳುತ್ತದೆ. ದೇಶದ ಯಾವ ಊರಿನ ಪಿಜಿ ವಿದ್ಯಾರ್ಥಿಗೆ ಇದನ್ನು ಓದಿ ಹೇಳಿದರೂ ನಗುತ್ತಾರೆ. ಅದನ್ನಾದರೂ ಪಾಲಿಸಬಹುದು.

ಮಿಕ್ಕದ್ದು ನಮ್ಮ ಪಾಲಿನದು. ಬನಶಂಕರಿ, ಜಯನಗರ, ಜೆ.ಪಿ. ನಗರದಲ್ಲಿ ಇನ್ನೂ ಹಳೆಯ ಮನೆ ಉಳಿಸಿಕೊಂಡಿರುವವರು ಇದ್ದಾರೆ. ಮಕ್ಕಳು ದೂರದಲ್ಲಿ, ಮೇಲಿನ ಪೋರ್ಷನ್ ಖಾಲಿ, ‘ಯಾರಿಗೆ ಕೊಟ್ಟರೆ ಏನು ತಂಟೆಯೋ’ ಎಂಬ ಭಯ. ಓದುತ್ತಿರುವ ಡಾಕ್ಟರ ಜೋಡಿಯೊಂದು ಬಂದು ಕೇಳಿದರೆ ಕೊಡಿ. ಯಾವ ಪೈಕಿ ಎಂದು ಕೇಳಬೇಡಿ, ಏನು ತಿನ್ನುತ್ತೀರಿ ಎಂದೂ ಕೇಳಬೇಡಿ. ಅಡ್ವಾನ್ಸಿನಲ್ಲಿ ಅರ್ಧ ಬಾಕಿ ಇಟ್ಟರೆ ಪರವಾಗಿಲ್ಲ. ಗೇಟಿನ ಇನ್ನೊಂದು ಬೀಗದ ಕೈ ಅವರ ಹತ್ತಿರ ಇರಲಿ, ಅವರು ಬರುವ ಹೊತ್ತಿಗೆ ನೀವು ಎದ್ದಿರುವುದಿಲ್ಲ.